ರಾತ್ರಿ ಎಂಟೂವರೆಗೆ ಆ್ಯಪ್ ಯಾಕೆ ಗೆಲ್ಲುತ್ತೆ?

ಇವತ್ತು ಕೋಡ್ ಬಗ್ಗೆ ಅಲ್ಲ, ಅಡುಗೆ ಬಗ್ಗೆ ಮಾತಾಡ್ತೀನಿ. ನಾನು ಅಡುಗೆಯಲ್ಲಿ ಪಳಗಿದವನೇನಲ್ಲ. ಎರಡು ವರ್ಷದ ಹಿಂದೆ ನನಗೆ ಬರ್ತಿದ್ದದ್ದು ಮ್ಯಾಗಿ, ಆಮ್ಲೆಟ್, ಟೀ ಅಷ್ಟೆ. ಊರು ಹಾಸನದ ಕಡೆ. ಎಂಟೆಕ್ ಮುಗಿಸಿ ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ವಾಕಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ಆಫೀಸು. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು, ಇಬ್ಬರೂ ಮನೆ ಸೇರೋ ಹೊತ್ತಿಗೆ ಎಂಟು ಗಂಟೆ.

ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ, 6.5 ಮುಟ್ಟಿದರೆ ಕಾಯಿಲೆ ಅಂತಲೇ ಲೆಕ್ಕ. ಈ ಟೆಸ್ಟು ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತೆ. ಹಿಂದಿನ ರಾತ್ರಿ ಉಪವಾಸ ಮಾಡಿ ಇದಕ್ಕೆ ಮೋಸ ಮಾಡೋಕೆ ಆಗಲ್ಲ. ನಮ್ಮಪ್ಪನಿಗೆ ನಲವತ್ತೈದಕ್ಕೇ ಸಕ್ಕರೆ ಬಂದಿದ್ದು. ನನಗೆ ಆಗ ಮೂವತ್ನಾಲ್ಕು.

"ರಾತ್ರಿ ಊಟ ಏನು, ಎಷ್ಟೊತ್ತಿಗೆ?" ಅಂತ ಡಾಕ್ಟರು ಕೇಳಿದರು. ನಾನು ಬಾಯಲ್ಲಿ ಏನೋ ಹೇಳಿದೆ. ಮನೆಗೆ ಬಂದು ಫೋನ್‌ನಲ್ಲಿ ಹಳೆಯ ಆರ್ಡರ್‌ಗಳನ್ನ ಎಣಿಸಿದೆ. ಮೂರು ತಿಂಗಳಲ್ಲಿ 61. ಒಟ್ಟು ಇಪ್ಪತ್ತೊಂದು ಸಾವಿರ ಚಿಲ್ಲರೆ. ಬಿರಿಯಾನಿ, ನೂಡಲ್ಸ್, ಬಟರ್ ನಾನ್, ಎಲ್ಲಾ ರಾತ್ರಿ ಒಂಬತ್ತರ ಮೇಲೆ ತಿಂದದ್ದು.

ಅವತ್ತೇ ಆ್ಯಪ್ ತೆಗೆದು ಹಾಕಿದೆ. ಮೂರು ವಾರ ನಡೀತು, ಆಮೇಲೆ ಮತ್ತೆ ಬಂತು. ಯಾಕೆ ಅಂತ ಹೇಳೋಕೆ ಸ್ವಲ್ಪ ನಾಚಿಕೆ. "ನಾವು ಮನೆ ಊಟ ಮಾಡೋಣ" ಅಂತ ಘೋಷಣೆ ಮಾಡಿದ್ದು ನಾನು, ಮಾಡಿದ್ದು ಅವಳು. ನಾನು ಈರುಳ್ಳಿ ಹೆಚ್ಚಿಕೊಟ್ಟು ದೊಡ್ಡ ಸಹಾಯ ಮಾಡಿದೆ ಅಂದ್ಕೊಂಡಿದ್ದೆ. ಒಂದು ರಾತ್ರಿ ಅವಳು ಬ್ಯಾಗ್ ಕೆಳಗಿಡೋಕೆ ಮುಂಚೆ "ಊಟಕ್ಕೆ ಏನು?" ಅಂತ ಕೇಳಿಬಿಟ್ಟೆ. "ರಿಪೋರ್ಟ್ ಬಂದಿದ್ದು ನಿಂದು, ಶಿಕ್ಷೆ ನಂಗಾ?" ಅಂದಳು. ಉತ್ತರ ಇರಲಿಲ್ಲ. ಅವತ್ತು ಪಿಜ್ಜಾ ತರಿಸಿದ್ವಿ.

ಎರಡನೇ ಸಲ ಸ್ವಲ್ಪ ಎಂಜಿನಿಯರ್ ಥರ ಯೋಚನೆ ಮಾಡಿದೆ. ಆರ್ಡರ್ ಮಾಡಿದ ದಿನಗಳಲ್ಲಿ ಮನೇಲಿ ಏನಿತ್ತು ಅಂತ ಬರೆಯೋಕೆ ಶುರು ಮಾಡಿದೆ. ಹೆಚ್ಚುಕಡಿಮೆ ಪ್ರತಿ ಸಲವೂ ಅಕ್ಕಿ, ಬೇಳೆ, ಟೊಮೆಟೊ, ಮೊಸರು ಎಲ್ಲಾ ಇತ್ತು. ಅಂದ್ರೆ ಸಾಮಾನಿನ ಕೊರತೆ ಅಲ್ಲ. ಸಮಯವಾ? ಪಾರ್ಸೆಲ್ ಬರೋಕೆ ನಲವತ್ತು ನಿಮಿಷ, ಅನ್ನ ಸಾರು ಆಗೋಕೂ ನಲವತ್ತು ನಿಮಿಷ. ಅದೂ ಅಲ್ಲ. ನಮ್ಮನ್ನ ಸೋಲಿಸ್ತಾ ಇದ್ದದ್ದು "ಏನು ಮಾಡೋದು?" ಅನ್ನೋ ಪ್ರಶ್ನೆ. ದಿನವಿಡೀ ಮೀಟಿಂಗ್‌ನಲ್ಲಿ ಹತ್ತಾರು ತೀರ್ಮಾನ ತಗೊಂಡು ಬಂದವನಿಗೆ, ಹಸಿದ ಹೊಟ್ಟೇಲಿ ಇನ್ನೊಂದು ತಗೊಳೋ ಶಕ್ತಿ ಇರಲ್ಲ. ಆ್ಯಪ್ ಚಿತ್ರ ತೋರಿಸುತ್ತೆ, ಬೆರಳಿಟ್ಟರೆ ಮುಗೀತು.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ, "ನಿಂಗೆ ದಿನಾ ಏನು ಮಾಡೋದು ಅಂತ ತಲೆಬಿಸಿ ಆಗ್ತಿರಲಿಲ್ವಾ?" "ಆಗದೆ ಏನೋ? ಆದ್ರೆ ಪುಡಿ ಡಬ್ಬ ತುಂಬಿದ್ರೆ ಅರ್ಧ ಅಡುಗೆ ಆದಂಗೆ ಕಣೋ" ಅಂದ್ರು. ಸಾಫ್ಟ್‌ವೇರ್‌ನಲ್ಲಿ ಪದೇ ಪದೇ ಬೇಕಾಗೋ ಲೆಕ್ಕವನ್ನ ಮೊದಲೇ ಮಾಡಿ ಇಟ್ಕೋತೀವಲ್ಲ, ನಮ್ಮ ಸಾರಿನ ಪುಡಿ ಅದೇ. ಹುರಿಯೋದು, ಅಳತೆ ಹಾಕೋದು, ರುಬ್ಬೋದು ಎಲ್ಲಾ ಒಂದು ಭಾನುವಾರ ಮುಗಿದಿರುತ್ತೆ. ರಾತ್ರಿ ಉಳಿಯೋದು ಎರಡು ಚಮಚ ಹಾಕೋ ಕೆಲಸ.

ನಾನು ಮಾಡೋ ಅಳತೆ ಇದು: ಒಂದು ಕಪ್ ಧನಿಯಾ, ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿ, ಕಾಲು ಕಪ್ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಮೆಂತ್ಯ, ಒಂದು ಹಿಡಿ ಕರಿಬೇವು, ಇಂಗು. ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಬೇಕು. ಮೆಂತ್ಯ ಕಪ್ಪಾದರೆ ಇಡೀ ಡಬ್ಬ ಕಹಿ. ಅದು ಅನುಭವದ ಮಾತು.

ಬೆಳಿಗ್ಗೆ ಟೀ ಕುದಿಯೋ ಹೊತ್ತಿಗೆ ಅರ್ಧ ಕಪ್ ತೊಗರಿಬೇಳೆ ತೊಳೆದು ನೆನೆಸಿ ಫ್ರಿಜ್‌ನಲ್ಲಿ ಇಡ್ತೀನಿ. ಹೊರಗೆ ಇಟ್ಟರೆ ಏಪ್ರಿಲ್‌ನ ಪುಣೆ ಸೆಕೆಗೆ ಸಂಜೆ ಹೊತ್ತಿಗೆ ವಾಸನೆ ಬಂದಿರುತ್ತೆ. ಬೇಳೆ ನೆನೆದಿದೆ ಅಂದ್ರೆ ರಾತ್ರಿಯ ತೀರ್ಮಾನ ಬೆಳಿಗ್ಗೆಯೇ ಆಗಿಹೋಯ್ತು, ಇನ್ನು ಆ್ಯಪ್ ತೆರೆದರೆ ಬೇಳೆ ದಂಡ. ಕುಕ್ಕರ್ ಒಳಗೆ ಒತ್ತಡದಿಂದ ನೀರು 100 ಡಿಗ್ರಿ ದಾಟಿ 120ರ ಹತ್ತಿರ ಹೋಗುತ್ತೆ, ಹಾಗಾಗಿ ನೆನೆದ ಬೇಳೆ ಬೇಗ ಕರಗುತ್ತೆ. ಹುಣಸೆಹುಳಿ ಮಾತ್ರ ಬೇಳೆ ಬೆಂದ ಮೇಲೇ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಳೆ ಮೆತ್ತಗಾಗೋಕೆ ಹಟ ಮಾಡುತ್ತೆ. ಮೊದಲನೇ ವಾರ ನಾನು ಎಲ್ಲಾ ಒಟ್ಟಿಗೆ ತುಂಬಿ ಆರು ವಿಶಲ್ ಕೂಗಿಸಿದೆ, ಆದ್ರೂ ಬೇಳೆ ಹಲ್ಲಿಗೆ ಸಿಗ್ತಾ ಇತ್ತು.

ಪರಊರಲ್ಲಿ ಸಾಮಾನಿನ ಹೆಸರೂ ಕಲೀಬೇಕು. ಇಲ್ಲಿ ರಾಗಿಗೆ ನಾಚಣಿ, ಕರಿಬೇವಿಗೆ ಕಡಿಪತ್ತಾ. ಅಂಗಡಿಯವರು "ಇಂದ್ರಾಯಣಿ ಒಳ್ಳೇ ಅಕ್ಕಿ" ಅಂದ್ರು, ತಗೊಂಡೆ. ಘಮ ಚೆನ್ನಾಗಿದೆ, ಸಾರಿಗೂ ಸರಿ. ಆದ್ರೆ ಅದು ಅಂಟೋ ಅಕ್ಕಿ, ಚಿತ್ರಾನ್ನ ಮಾಡಿದ್ದು ಪೊಂಗಲ್ ಆಯ್ತು. ಚಿತ್ರಾನ್ನಕ್ಕೆ ಸೋನಾ ಮಸೂರಿಯೇ ಬೇಕು.

ಉಳಿದ ಅನ್ನದ ಬಗ್ಗೆ ಒಂದು ಮಾತು. ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಹೊರಗೇ ಬಿಟ್ಟರೆ ಬೆಳೆದು ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ.

ಮನೆ ಊಟ ಅಂದ ಮಾತ್ರಕ್ಕೆ ಸಕ್ಕರೆ ಇಳಿಯುತ್ತೆ ಅಂತಲೂ ಅಲ್ಲ. ಮೂರು ಸಲ ಅನ್ನ ಬಡಿಸಿಕೊಂಡರೆ ಅಮ್ಮನ ಕೈ ಊಟವೂ ಅದೇ ಕೆಲಸ ಮಾಡುತ್ತೆ. ಮನೇಲಿ ಮಾಡಿದಾಗ ಎಷ್ಟು ಅಂತ ಕಣ್ಣಿಗೆ ಕಾಣುತ್ತೆ, ಅದು ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು, ಅಂದ್ರೆ ಒಂದು ಸಣ್ಣ ಚಮಚ. ಪಾರ್ಸೆಲ್ ಡಬ್ಬದಲ್ಲಿ ಎಷ್ಟಿದೆ ಅಂತ ನಾವು ಯಾವತ್ತೂ ನೋಡಿರಲಿಲ್ಲ. ಈಗ ಅರ್ಧ ತಟ್ಟೆ ಪಲ್ಯ, ಒಂದೇ ಸಲ ಅನ್ನ.

ಕೆಲಸದ ಹಂಚಿಕೆ ಹೀಗಿದೆ: ಸೋಮವಾರದಿಂದ ಗುರುವಾರ ರಾತ್ರಿ ಅಡುಗೆ ನಂದು, ಬೇಳೆ ನೆನೆಸೋದು, "ಏನು ಮಾಡೋದು" ಅನ್ನೋ ಚಿಂತೆ ಸಮೇತ. ಬೆಳಗಿನ ತಿಂಡಿ, ಡಬ್ಬಿ ಅವಳದು. ಪಾತ್ರೆ ತೊಳೆಯೋಕೆ ಮೌಶಿ ಬರ್ತಾರೆ. ಶುಕ್ರವಾರ ತರಿಸ್ತೀವಿ, ಪಾಪಪ್ರಜ್ಞೆ ಇಲ್ದೆ. ಶನಿವಾರ, ಭಾನುವಾರ ಯಾರಿಗೆ ಮನಸ್ಸು ಬಂತೋ ಅವರು.

ಒಂದು ವರ್ಷದ ಮೇಲೆ ನನ್ನ ಎಚ್‌ಬಿಎ1ಸಿ 5.8. ಜೊತೆಗೆ ಊಟ ಆದ ಮೇಲೆ ಅರ್ಧ ಗಂಟೆ ನಡೆಯೋಕೂ ಶುರು ಮಾಡಿದ್ದೆ, ಹಾಗಾಗಿ ಪೂರ್ತಿ ಶ್ರೇಯಸ್ಸು ಸಾರಿಗೆ ಕೊಡಲ್ಲ. 5.8 ಕೂಡ ಇನ್ನೂ ಗೆರೆಯ ಆ ಕಡೆಯೇ ಇದೆ. ಮುಂದಿನ ಟೆಸ್ಟು ಜನವರಿಯಲ್ಲಿ. ಪುಡಿ ಡಬ್ಬ ತಳ ಕಾಣ್ತಾ ಇದೆ, ಈ ಭಾನುವಾರ ಹುರೀಬೇಕು.