ಡಂಪ್ ಓದುವವರು

ರಾತ್ರಿ ಪಾಳಿಯಲ್ಲಿ ಬ್ಯಾಂಕಿನ ಬಡ್ಡಿ ಲೆಕ್ಕ ಹಾಕುತ್ತಿದ್ದ ಪ್ರೋಗ್ರಾಂ ಅರ್ಧಕ್ಕೆ ನಿಲ್ಲುತ್ತದೆ. ಪರದೆಯ ಮೇಲೆ ಎಸ್‌0ಸಿ7 ಎಂಬ ಸಂಕೇತ. ಮೇನ್‌ಫ್ರೇಮ್ ಮಂದಿ ಅದನ್ನು ‘ಸಾಕ್ ಸೆವೆನ್’ ಎನ್ನುತ್ತಾರೆ, ಹೀಗೆ ನಡುವೆ ಬೀಳುವುದಕ್ಕೆ ‘ಅಬೆಂಡ್’ ಎನ್ನುತ್ತಾರೆ. ಬಿದ್ದ ಕ್ಷಣದಲ್ಲಿ ಪ್ರೋಗ್ರಾಮಿನ ಮೆಮೊರಿಯಲ್ಲಿ ಏನೇನಿತ್ತೋ ಅದನ್ನು ಸಿಸ್ಟಂ ಇದ್ದದ್ದು ಇದ್ದಹಾಗೆ ಬರೆದಿಡುತ್ತದೆ. ಅದೇ ಡಂಪ್. ಪೊಲೀಸರ ಸ್ಥಳ ಮಹಜರಿನಂತೆ ಅದು ಏನು ಎಲ್ಲಿ ಬಿದ್ದಿತ್ತು ಎಂದಷ್ಟೇ ಹೇಳುತ್ತದೆ. ಯಾರು ಮಾಡಿದರು ಎನ್ನುವುದನ್ನು ಓದುವವರೇ ಕಂಡುಹಿಡಿಯಬೇಕು.

ಹಾಗೆ ಓದಬಲ್ಲ ಒಬ್ಬರನ್ನು ನೋಡಲು ಮಲ್ಲೇಶ್ವರಕ್ಕೆ ಹೋಗಿದ್ದೆ. ಕೋಬಾಲ್, ಅಸೆಂಬ್ಲರ್‌ಗಳಲ್ಲೇ ವೃತ್ತಿಜೀವನ ಕಳೆದ ಹಿರಿಯ ಮಹಿಳೆ. ಹೆಸರು ಹಾಕಬೇಡಿ ಎಂದರು. ಗ್ರಾಹಕರ ಡಂಪ್ ಹೊರಗಿನವರಿಗೆ ತೋರಿಸುವಂತಿಲ್ಲವಾದ್ದರಿಂದ ನನಗಾಗಿ ಒಂದು ಮಾದರಿಯನ್ನು ಕಾಗದದ ಮೇಲೆ ಬರೆದಿಟ್ಟಿದ್ದರು. ಸಾಲಿನ ಎಡತುದಿಯಲ್ಲಿ ಮೆಮೊರಿಯ ವಿಳಾಸ, ನಡುವೆ ಹದಿನಾರರ ಎಣಿಕೆಯಲ್ಲಿ 32 ಬೈಟುಗಳು, ಬಲತುದಿಯಲ್ಲಿ ಅವೇ ಬೈಟುಗಳು ಅಕ್ಷರರೂಪದಲ್ಲಿ. ಪುಟದ ತುಂಬ ಅಂಕಿಯೋ ಅಂಕಿ. ನನಗೆ ಎಲ್ಲಿ ಕಣ್ಣಿಡಬೇಕೆಂದೇ ತಿಳಿಯಲಿಲ್ಲ. ಅವರ ಬೆರಳು ಮಾತ್ರ ನೇರವಾಗಿ ಪಿಎಸ್‌ಡಬ್ಲ್ಯು, ಅಂದರೆ ಪ್ರೋಗ್ರಾಂ ಸ್ಟೇಟಸ್ ವರ್ಡ್, ಇರುವಲ್ಲಿಗೆ ಹೋಯಿತು.

ಅಲ್ಲಿದ್ದ ವಿಳಾಸ 25346. “ಇದು ಮುಂದೆ ನಡೆಯಬೇಕಾಗಿದ್ದ ಆದೇಶ. ನಮಗೆ ಬೇಕಾದ್ದು ಇದರ ಹಿಂದಿನದು,” ಎಂದರು. ಕೂಡುವ ಆ ಆದೇಶದ ಉದ್ದ 6 ಬೈಟು, ಕಳೆದರೆ 25340. ಪ್ರೋಗ್ರಾಂ ಮೆಮೊರಿಯಲ್ಲಿ ಕೂತದ್ದು 25000ದಿಂದ, ಹಾಗಾಗಿ ಅದರ ಆರಂಭದಿಂದ 340ರಷ್ಟು ಒಳಗೆ ಏನೋ ಕೆಟ್ಟಿದೆ. ಕಂಪೈಲ್ ಲಿಸ್ಟಿಂಗ್ ತೆಗೆದು 340 ಹುಡುಕಿದರೆ ಕೋಬಾಲ್‌ನ ಸಾಲು ಸಿಗುತ್ತದೆ: ಬಡ್ಡಿಯನ್ನು ಒಟ್ಟು ಮೊತ್ತಕ್ಕೆ ಸೇರಿಸುವ ಸಾಲು. ಯಾವ ಬಡ್ಡಿ? ಅದನ್ನೂ ಆದೇಶವೇ ಹೇಳುತ್ತದೆ. ಆರನೆಯ ರಿಜಿಸ್ಟರಿನಲ್ಲಿರುವ ವಿಳಾಸಕ್ಕೆ 10 ಸೇರಿಸಿ ನೋಡು ಎಂದು ಅದರೊಳಗೇ ಬರೆದಿರುತ್ತದೆ. ರಿಜಿಸ್ಟರಿನಲ್ಲಿ 18200. ಹದಿನಾರರ ಎಣಿಕೆಯ ಆ 10 ಸೇರಿದರೆ 18210. ಆ ವಿಳಾಸದಲ್ಲಿ ಕೂತಿದ್ದದ್ದು 40404040.

ಐಬಿಎಂ ಮೇನ್‌ಫ್ರೇಮುಗಳ ಎಬ್ಸಿಡಿಕ್ ಲಿಪಿ ಸಂಕೇತದಲ್ಲಿ 40 ಎಂದರೆ ಖಾಲಿ ಜಾಗ. ಹಣದ ಮೊತ್ತವನ್ನು ಅಲ್ಲಿ ಒಂದು ಬೈಟಿಗೆ ಎರಡು ಅಂಕಿಯಂತೆ ಒತ್ತಿ ಬರೆಯುತ್ತಾರೆ, ಕೊನೆಯ ಅರ್ಧ ಬೈಟು ಧನವೋ ಋಣವೋ ಎಂಬ ಚಿಹ್ನೆಗೆ ಮೀಸಲು. ಸಿ ಇದ್ದರೆ ಧನ, ಡಿ ಇದ್ದರೆ ಋಣ. ಇಲ್ಲಿ ಚಿಹ್ನೆಯ ಜಾಗದಲ್ಲಿ ಸೊನ್ನೆ. ಸೊನ್ನೆ ಚಿಹ್ನೆಯಲ್ಲ. ದುಡ್ಡು ಇರಬೇಕಾದಲ್ಲಿ ಬರೀ ಖಾಲಿ ಜಾಗ ತುಂಬಿದೆ, ಯಂತ್ರ ಅದನ್ನು ಕೂಡಲು ಒಪ್ಪಿಲ್ಲ. ಒಪ್ಪದೆ ನಿಂತದ್ದೇ ಒಳ್ಳೆಯದು ಎಂದು ನನಗೆ ಅನಿಸಿತು. ಇಲ್ಲವಾದರೆ ಯಾರದೋ ಪಾಸ್‌ಬುಕ್ಕಿಗೆ ಸುಳ್ಳು ಮೊತ್ತ ಏರುತ್ತಿತ್ತು.

ಹೊಸಬರು ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರಂತೆ. ಆ ಖಾಲಿ ಜಾಗವನ್ನು ಅಲ್ಲಿಟ್ಟವರು ಯಾರು? ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದಾಗ, ಕರೆದವರ ರಿಜಿಸ್ಟರುಗಳು 72 ಬೈಟಿನ ಸೇವ್ ಏರಿಯಾದಲ್ಲಿ ಉಳಿಯುತ್ತವೆ. ಹದಿಮೂರನೆಯ ರಿಜಿಸ್ಟರ್ ಹಿಡಿದು ಅದರ ದಾರಿಯಲ್ಲಿ ಹಿಂದೆ ಹಿಂದೆ ಹೋದರೆ, ಯಾರು ಯಾರನ್ನು ಕರೆದರು ಎನ್ನುವುದು ಬಿಚ್ಚಿಕೊಳ್ಳುತ್ತದೆ. ಅವರ ಮಾದರಿಯಲ್ಲಿ ತಪ್ಪು ಬಡ್ಡಿಯ ಪ್ರೋಗ್ರಾಮಿನದಲ್ಲವೇ ಅಲ್ಲ. ಅದನ್ನು ಕರೆದ ಪ್ರೋಗ್ರಾಂ ಫೈಲಿನ ಶೀರ್ಷಿಕೆ ಸಾಲನ್ನೂ ಒಂದು ಖಾತೆ ಎಂದೇ ತಿಳಿದು ಮುಂದೆ ದಾಟಿಸಿತ್ತು.

ಡಂಪ್‌ಗಳಲ್ಲಿ ಬಗೆಗಳಿವೆ. ಕೆಲಸವನ್ನು ಓಡಿಸಲು ಬರೆಯುವ ಸೂಚನೆಗಳಲ್ಲಿ, ಅಂದರೆ ಜೆಸಿಎಲ್‌ನಲ್ಲಿ, ಸಿಸ್‌ಯುಡಂಪ್ ಎಂದು ಒಂದು ಸಾಲು ಸೇರಿಸಿದ್ದರೆ ಪ್ರೋಗ್ರಾಮಿನ ಪಾಲಿನ ಮೆಮೊರಿ ಮಾತ್ರ ಬರುತ್ತದೆ. ಸಿಸ್‌ಅಬೆಂಡ್ ಎಂದರೆ ಇನ್ನಷ್ಟು. ಸಿಸ್‌ಎಂಡಂಪ್ ಐಪಿಸಿಎಸ್ ಎಂಬ ಸಾಧನದಲ್ಲಿ ತೆರೆದು ನೋಡಲಿಕ್ಕೆ. ಇಡೀ ಸಿಸ್ಟಮ್ಮೇ ಕಲ್ಲಾಗಿ ಕೂತರೆ ಬರೆದಿಡುವವರೇ ಇರುವುದಿಲ್ಲ. ಆಗ ಸ್ಟ್ಯಾಂಡ್ ಅಲೋನ್ ಡಂಪ್ ಎಂಬ ಬೇರೆಯದೇ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಏರಿಸಿ, ಮೆಮೊರಿಯನ್ನು ಡಿಸ್ಕಿಗೋ ಟೇಪಿಗೋ ಇಳಿಸಿಕೊಳ್ಳಬೇಕು. ಅಷ್ಟು ಹೊತ್ತು ಸೇವೆ ಬಂದ್. ಮೇಲಿನವರು ಬೇಗ ಚಾಲೂ ಮಾಡಿ ಎಂದು ಒತ್ತಾಯಿಸುತ್ತಾರೆ. ಡಂಪ್ ತೆಗೆಯದೆ ಚಾಲೂ ಮಾಡಿದರೆ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ, ಅದೇ ತೊಂದರೆ ಮತ್ತೆ ಬಂದಾಗಲೂ ಕೈ ಖಾಲಿ. ಆ ಒತ್ತಡದ ನಡುವೆ “ಸ್ವಲ್ಪ ತಾಳಿ” ಎಂದು ಹೇಳಿದ ಆಪರೇಟರ್‌ಗಳ ಬಗ್ಗೆ ಅವರಿಗೆ ತುಂಬ ಗೌರವ.

ಐಬಿಎಂ ತನ್ನ ಸಿಸ್ಟಂ/360 ಅನ್ನು ಘೋಷಿಸಿದ್ದು 1964ರ ಏಪ್ರಿಲ್ 7ರಂದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೂ ಅದೇ ಕುಟುಂಬದ 360/44 ಬಂದಿತ್ತು. ಆಗ ಡಂಪ್ ಎಂದರೆ ಕಾಗದ. 256 ಕಿಲೋಬೈಟ್ ಮೆಮೊರಿಯನ್ನು ಸಾಲಿಗೆ 32 ಬೈಟಿನಂತೆ ಮುದ್ರಿಸಿದರೆ 8,192 ಸಾಲು, ನೂರಕ್ಕೂ ಹೆಚ್ಚು ಪುಟ. 1978ರಲ್ಲಿ ಐಬಿಎಂ ಭಾರತದಿಂದ ಹೊರಟಿತು. ಮುಂದೆ 2000ನೇ ಇಸವಿಯ ದಿನಾಂಕದ ಸಮಸ್ಯೆ ಬಂದಾಗ ಹೊರದೇಶಗಳ ಹಳೆಯ ಕೋಬಾಲ್ ಪ್ರೋಗ್ರಾಮುಗಳು ಬೆಂಗಳೂರಿನ ಮೇಜುಗಳ ಮೇಲೆ ಬಂದು ಕೂತವು, ಅವುಗಳ ಜೊತೆ ಅವುಗಳ ಡಂಪ್‌ಗಳೂ.

ಈಗಿನ ಯಂತ್ರಗಳ ಮೆಮೊರಿ ಟೆರಾಬೈಟುಗಳಲ್ಲಿದೆ. ಡಂಪ್‌ನಲ್ಲಿ ಗ್ರಾಹಕರ ಖಾತೆ ವಿವರಗಳೂ ಸೇರಿಕೊಳ್ಳುವುದರಿಂದ, ಹೊರಗೆ ಕಳಿಸುವ ಮುನ್ನ ಅವನ್ನು ಮರೆಮಾಡುವ ಸೌಲಭ್ಯವನ್ನು ಐಬಿಎಂ 2019ರ ಝಡ್15 ಯಂತ್ರದೊಂದಿಗೆ ತಂದಿತು. ಅಬೆಂಡ್-ಏಡ್, ಫಾಲ್ಟ್ ಅನಲೈಝರ್‌ನಂಥ ಸಾಧನಗಳು ಕೆಟ್ಟ ಸಾಲನ್ನೂ ಕೆಟ್ಟ ಮೌಲ್ಯವನ್ನೂ ತಾವೇ ಎತ್ತಿ ತೋರಿಸುತ್ತವೆ. ಅವುಗಳ ಬಗ್ಗೆ ಅವರಿಗೆ ತಕರಾರಿಲ್ಲ, ರಾತ್ರಿ ನಿದ್ದೆ ಉಳಿಸಿವೆ ಎನ್ನುತ್ತಾರೆ. ಆದರೆ ಒಂದು ಪ್ರೋಗ್ರಾಂ ಇನ್ನೊಂದರ ಜಾಗವನ್ನು ಸದ್ದಿಲ್ಲದೆ ತುಳಿದು, ಆ ಇನ್ನೊಂದು ಎಷ್ಟೋ ಹೊತ್ತಿನ ಮೇಲೆ ಬಿದ್ದರೆ, ಸಾಧನ ಬಿದ್ದವರನ್ನಷ್ಟೇ ತೋರಿಸುತ್ತದೆ. ತುಳಿದವರನ್ನು ಹುಡುಕಲು ಇಂದಿಗೂ ಯಾರಾದರೂ ಕೂತು ಬೈಟು ಬೈಟಾಗಿ ಓದಬೇಕು. ಅಂಥ ಓದು ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಬ್ಯಾಂಕು, ವಿಮೆ, ವಿಮಾನ ಟಿಕೆಟಿನ ಲೆಕ್ಕವೆಲ್ಲ ಇನ್ನೂ ಈ ಯಂತ್ರಗಳ ಮೇಲೇ ನಿಂತಿರುವಾಗ ಇದು ಸಣ್ಣ ನಷ್ಟವಲ್ಲ.

ಅವರು ಕೆಲಸ ಮಾಡಿದ ಕಡೆ ಹೊಸಬರ ತರಬೇತಿಯಲ್ಲಿ ಡಂಪ್‌ಗೆ ಮೊದಲು ಒಂದು ವಾರ ಇತ್ತಂತೆ. ಅದು ಕರಗಿ ಒಂದು ಮಧ್ಯಾಹ್ನಕ್ಕೆ ಇಳಿದಿದೆ. ಶನಿವಾರಗಳಂದು ಸಂಬಳವಿಲ್ಲದೆ ಬಂದು ಹೇಳಿಕೊಡುತ್ತೇನೆ ಎಂದು ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಪಾಠಕ್ಕೆ ಬೇಕಾದ ಮಾದರಿಗಳನ್ನು ಮಾತ್ರ ಅವರು ಬರೆಯುತ್ತಲೇ ಇದ್ದಾರೆ.