ಮನೆಯ ಕಣಜ: ಅಲ್ಪಾದಾಯದ ಸಂಸಾರದಲ್ಲಿ ಧಾನ್ಯಸಂಗ್ರಹ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನ, ಎಂದರೆ ಅರಸನ ಉಗ್ರಾಣದ ಅಧಿಕಾರಿಯ, ಕರ್ತವ್ಯಗಳನ್ನು ವಿವರಿಸುವ ಪ್ರಕರಣವೊಂದಿದೆ. ಕೂಡಿಟ್ಟ ಸಾಮಗ್ರಿಯಲ್ಲಿ ಅರ್ಧವನ್ನು ಜನಪದದ ಆಪತ್ಕಾಲಕ್ಕೆಂದು ತೆಗೆದಿರಿಸಬೇಕು, ಉಳಿದರ್ಧವನ್ನು ಮಾತ್ರ ಬಳಸಬೇಕು, ಹೊಸದು ಬಂದಂತೆ ಹಳೆಯದನ್ನು ತೆಗೆದು ಅದರ ಸ್ಥಾನವನ್ನು ಹೊಸದರಿಂದ ತುಂಬುತ್ತಿರಬೇಕು ಎಂಬುದು ಅಲ್ಲಿಯ ವಿಧಿ. ಈ ಗ್ರಂಥವು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಅದನ್ನು ಪಾಠ ಹೇಳುವಾಗ ನಾವು ಗೂಢಚಾರರ ಬಳಿ, ಮಂಡಲಸಿದ್ಧಾಂತದ ಬಳಿ ನಿಲ್ಲುವಷ್ಟು ಹೊತ್ತು ಉಗ್ರಾಣದ ಬಾಗಿಲಲ್ಲಿ ನಿಲ್ಲುವುದಿಲ್ಲ.

ಅರಸನ ಉಗ್ರಾಣದ ಗತಿಯೇ ಹೀಗಾದಮೇಲೆ ಒಕ್ಕಲ ಮನೆಯ ಮಡಕೆಯನ್ನು ಕೇಳುವವರಾರು? ಚಿತ್ರದುರ್ಗದ ಕೋಟೆಯ ಕಣಜಗಳನ್ನೂ ಎಣ್ಣೆಯ ಕೊಳಗಳನ್ನೂ ನೋಡಲು ಜನ ಹೋಗುತ್ತಾರೆ. ಕೋಟೆಯ ಕೆಳಗಿನ ಊರಿನಲ್ಲಿ ಒಬ್ಬ ಗೃಹಿಣಿ ಐದು ಮಂದಿಯ ಸಂಸಾರಕ್ಕೆ ವರ್ಷದ ಅನ್ನವನ್ನು ಹೇಗೆ ಕೂಡಿಸಿಟ್ಟಳೆಂಬುದಕ್ಕೆ ಶಾಸನವಿಲ್ಲ. ಆದರೂ ಬರಗಾಲಗಳ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು. ಕೈಯಲ್ಲಿ ಹಣ ಹೆಚ್ಚಿಲ್ಲದ ಸಂಸಾರವೊಂದು ಆಹಾರದ ದಾಸ್ತಾನನ್ನು ಸ್ವಲ್ಪಸ್ವಲ್ಪವಾಗಿ ಬೆಳೆಸಿಕೊಳ್ಳುವ ಕ್ರಮ ಯಾವುದು, ಆ ಕ್ರಮ ಎಷ್ಟರಮಟ್ಟಿಗೆ ಅದನ್ನು ಕಾಪಾಡೀತು, ಎಲ್ಲಿ ಸೋಲುತ್ತದೆ ಎಂಬುದನ್ನು ಹಳೆಯ ಮೈಸೂರು ಸೀಮೆಯ ರಾಗಿಯ ನಾಡನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಮಾಡುತ್ತೇವೆ.

ಆ ನಾಡಿನ ಮನೆಗಳಲ್ಲಿ ಸಂಗ್ರಹದ ಸಾಧನಗಳು ಮೂರು ಬಗೆಯವು. ಮೊದಲನೆಯದು ಅಡಿಗೆಯ ಮನೆಯ ಮಡಕೆ, ಗುಡಾಣ, ಒಂದರಮೇಲೊಂದು ಪೇರಿಸಿದ ಅಡಕಲು. ಇವುಗಳ ಆಯುಷ್ಯ ದಿನಗಳದು, ವಾರಗಳದು. ಎರಡನೆಯದು ಬಿದಿರಿನಿಂದ ಹೆಣೆದು ಸಗಣಿ ಮಣ್ಣುಗಳಿಂದ ಮೆತ್ತಿದ ಕಣಜ, ಅಥವಾ ಮಣ್ಣಿನ ವಾಡೆ. ಇದು ಒಂದು ಸುಗ್ಗಿಯಿಂದ ಮತ್ತೊಂದು ಸುಗ್ಗಿಯವರೆಗೆ. ಮೂರನೆಯದು ಹಗೇವು. ಇದರ ಲೆಕ್ಕ ಮಾತ್ರ ವರ್ಷಗಳಲ್ಲಿ.

ಹಗೇವನ್ನು ನೋಡದಿರುವ ವಿದ್ಯಾರ್ಥಿಗಳೇ ಈಗ ಹೆಚ್ಚಾದುದರಿಂದ ಅದರ ರಚನೆಯನ್ನು ಸ್ವಲ್ಪ ವಿವರಿಸಬೇಕಾಗಿದೆ. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿಯನ್ನು ತೋಡುತ್ತಿದ್ದರು. ಕೆಳಗೆ ಹೋದಂತೆ ಅದು ಹೂಜಿಯ ಹೊಟ್ಟೆಯಂತೆ ಅಗಲವಾಗುತ್ತದೆ. ಒಳಗೆ ಬೆಂಕಿ ಹಾಕಿ ಗೋಡೆಯ ಪಸೆಯನ್ನು ಆರಿಸುವರು. ತಳಕ್ಕೂ ಸುತ್ತಲಿಗೂ ಹುಲ್ಲನ್ನು ಹೊದಿಸುವರು. ಚೆನ್ನಾಗಿ ಒಣಗಿದ ರಾಗಿಯನ್ನು ಬಾಯಿಯವರೆಗೆ ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಎಳೆದು, ಮಣ್ಣಿನಿಂದ ಗಾಳಿಯಾಡದಂತೆ ಮೆತ್ತಿಬಿಡುವರು. ಒಳಗಿನ ಕಾಳೂ, ಕಾಳಿನ ಜತೆಯಲ್ಲಿ ಹೋದ ಹುಳುವೂ ಉಸಿರಾಡಿ ಅಲ್ಲಿದ್ದ ಅಲ್ಪಸ್ವಲ್ಪ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈ ಆಕ್ಸೈಡು ತುಂಬಿಕೊಳ್ಳುತ್ತದೆ, ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಈ ರಸಾಯನಶಾಸ್ತ್ರ ನಮ್ಮ ಒಕ್ಕಲಿಗನಿಗೆ ಹೆಸರಿನಿಂದ ತಿಳಿದಿರಲಿಲ್ಲವಾದರೂ ಫಲದಿಂದ ತಿಳಿದಿತ್ತು. ಹಗೇವನ್ನು ತೆರೆದೊಡನೆ ಯಾರೂ ಒಳಗಿಳಿಯಕೂಡದು; ಬಹಳ ಹೊತ್ತು ಬಾಯಿ ತೆರೆದಿಟ್ಟು, ಅನಂತರ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಮನುಷ್ಯನೂ ಆರುವನು ಎಂಬ ಎಚ್ಚರಿಕೆ ಆ ತಿಳಿವಳಿಕೆಯದೇ ಇನ್ನೊಂದು ಮುಖ. ಆತುರಪಟ್ಟು ಇಳಿದು ಉಸಿರುಕಟ್ಟಿ ಸತ್ತವರುಂಟು.

ಈ ವ್ಯವಸ್ಥೆಯೆಲ್ಲ ನಿಂತಿರುವುದು ರಾಗಿಯ ಗುಣದಮೇಲೆ. ಕಾಳು ಸಣ್ಣದು, ಗಟ್ಟಿಯಾದುದು. ಅಕ್ಕಿಗೂ ಬೇಳೆಗೂ ಬೀಳುವ ಹುಳುಗಳಿಗೆ ಅದರಲ್ಲಿ ಮನೆಮಾಡಲು ಎಡೆ ಸಾಲದು. ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಹೆಚ್ಚುಗಾರಿಕೆಯ ವಾದ ಬಿದ್ದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಲಾಯಿತಷ್ಟೆ. ಗೆದ್ದುದು ರಾಗಿ. ಈ ಕಾವ್ಯವನ್ನು ಕುಲೀನತೆಯ ವಿಡಂಬನೆಯೆಂದು ಓದುವುದು ಸರಿಯೇ. ಜತೆಗೆ, ತೀರ್ಪು ಕೊಡಲು ಕವಿ ಆರಿಸಿಕೊಂಡ ಪರೀಕ್ಷೆ ದಾಸ್ತಾನಿನ ಪರೀಕ್ಷೆ ಎಂಬುದನ್ನೂ ಗಮನಿಸಬೇಕು. ಯಾವ ಧಾನ್ಯ ರುಚಿಯೆಂದು ಅಲ್ಲಿ ಕೇಳಿಲ್ಲ, ಯಾವುದು ಕೆಡದೆ ನಿಂತೀತೆಂದು ಕೇಳಿದೆ.

ಇನ್ನು ಸಂಗ್ರಹವನ್ನು ಕ್ರಮಕ್ರಮವಾಗಿ ಕಟ್ಟುವ ವಿಚಾರ. ಒಂದೇ ಸಲಕ್ಕೆ ವರ್ಷದ ಸಾಮಾನನ್ನೆಲ್ಲ ಕೊಂಡು ತುಂಬುವುದು ಉಳ್ಳವರಿಗೆ ಮಾತ್ರ ಸಾಧ್ಯವೆಂದು ನಾವು ತಿಳಿಯುತ್ತೇವೆ. ಹಳೆಯ ಸಂಸಾರ ಹಾಗೆ ಕೊಳ್ಳುತ್ತಲೇ ಇರಲಿಲ್ಲ. ಬೆಳೆಯ ಪಂಚಾಂಗವೇ ಅದರ ಆಯವ್ಯಯಪತ್ರವಾಗಿತ್ತು. ರಾಗಿಯೂ ಬತ್ತವೂ ಮಾರ್ಗಶಿರ ಪುಷ್ಯಗಳಲ್ಲಿ ಮನೆಗೆ ಬರುವುವು. ಹುರಳಿ, ಅವರೆ, ತೊಗರಿ ಅವುಗಳ ಬೆನ್ನಿಗೇ. ಮಾಘ ಫಾಲ್ಗುಣಗಳಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿ. ಬಯಲು ಸೀಮೆಯಲ್ಲಾದರೆ ಹಿಂಗಾರಿನ ಜೋಳ. ಚೈತ್ರದಲ್ಲಿ ಮಾವಿನ ಮಿಡಿ. ಬಿಸಿಲು ಕಾಯುವ ವೈಶಾಖದಲ್ಲಿ ಹಪ್ಪಳ, ಸಂಡಿಗೆ, ಬಾಳಕ. ಆಯಾ ಪದಾರ್ಥ ಹೇರಳವಾಗಿ ಅಗ್ಗವಾಗಿರುವ ತಿಂಗಳಿನಲ್ಲಿ ಅದೊಂದನ್ನೇ ಕೊಂಡರೆ ಯಾವ ತಿಂಗಳೂ ಭಾರವಾಗುವುದಿಲ್ಲ. ಜ್ಯೇಷ್ಠ ಮುಗಿದು ಆಷಾಢ ಕಾಲಿಡುವ ಹೊತ್ತಿಗೆ, ಹೊಲದಲ್ಲಿ ಕೆಲಸ ಹೆಚ್ಚು, ಪೇಟೆಯಲ್ಲಿ ಬೆಲೆ ಹೆಚ್ಚು, ಕೈಯಲ್ಲಿ ಕಾಸು ಕಡಮೆ. ಆಗ ಕೊಳ್ಳುವುದೇನೂ ಇರಬಾರದು.

ಹೊಲವಿಲ್ಲದವಳಿಗೆ ಪಂಚಾಂಗದ ಬದಲು ಹಿಡಿಯಕ್ಕಿಯಿತ್ತು. ಅಡಿಗೆಗೆ ಧಾನ್ಯ ಅಳೆದುಕೊಂಡಮೇಲೆ ಅದರಿಂದಲೇ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವ ಪದ್ಧತಿ ಇದು. ಮಠಗಳ ಉಚಿತ ಪ್ರಸಾದನಿಲಯಗಳಿಗೆ ಮನೆಮನೆಯಿಂದ ಹೋಗುತ್ತಿದ್ದ ಮುಷ್ಟಿಧಾನ್ಯವೂ ಇದೇ ಪದ್ಧತಿಯ ಇನ್ನೊಂದು ರೂಪ. ಈ ಬುಲೆಟಿನ್ನನ್ನು ಓದುವ ಹಿರಿಯ ಅಧ್ಯಾಪಕರಲ್ಲಿ ಆ ಅನ್ನವನ್ನುಂಡು ಓದಿದವರು ಇರಲೇಬೇಕು. ಹಿಡಿಯನ್ನು 50 ಗ್ರಾಮೆಂದಿಟ್ಟುಕೊಂಡು ಲೆಕ್ಕಮಾಡೋಣ. ಹೊತ್ತಿಗೊಂದರಂತೆ ದಿನಕ್ಕೆರಡು ಹಿಡಿ ತೆಗೆದರೆ ತಿಂಗಳಿಗೆ 3 ಕಿಲೋ, ವರ್ಷಕ್ಕೆ ಸುಮಾರು 36 ಕಿಲೋ. ತಲೆಗೆ 400 ಗ್ರಾಮಿನಂತೆ ಐದು ಮಂದಿಗೆ ದಿನಕ್ಕೆ 2 ಕಿಲೋ ಬೇಕು. ಹದಿನೆಂಟು ದಿನದ ಅನ್ನವಾಯಿತು.

ವರ್ಷವೆಲ್ಲ ಉಳಿಸಿ ಹದಿನೆಂಟು ದಿನವೇ ಎಂದು ಮೂಗು ಮುರಿಯುವವರು ಆಷಾಢದ ಸಾಲವನ್ನು ನೆನೆಯಬೇಕು. ಮಳೆಗಾಲದಲ್ಲಿ ಕಾಳು ತೀರಿದ ಮನೆ ಕಾಳುಳ್ಳ ಮನೆಯಿಂದ ಕಡ ತರುವುದು, ಸುಗ್ಗಿಯಲ್ಲಿ ಬಡ್ಡಿಯನ್ನೂ ಕಾಳಿನಲ್ಲೇ ಅಳೆದುಕೊಡುವುದು, ಇದು ಹಳ್ಳಿಯ ಹಳೆಯ ವಾಡಿಕೆ. ನಾಲ್ಕು ಕೊಳಗಕ್ಕೆ ಐದು ಕೊಳಗ ಎಂಬ ಕರಾರನ್ನು ಉದಾಹರಣೆಗೆ ತೆಗೆದುಕೊಂಡರೆ, 36 ಕಿಲೋ ತಂದವರು 45 ಕಿಲೋ ಹಿಂದಿರುಗಿಸಬೇಕು. ಐದು ತಿಂಗಳಿಗೆ ನೂರಕ್ಕೆ ಇಪ್ಪತ್ತೈದು, ಎಂದರೆ ವರ್ಷಕ್ಕೆ ನೂರಕ್ಕೆ ಅರವತ್ತರ ಬಡ್ಡಿ. ಕೊಟ್ಟಮೇಲೆ ಮನೆಯಲ್ಲಿ ಉಳಿಯುವುದು ಕಡಮೆಯಾದುದರಿಂದ ಮುಂದಿನ ವರ್ಷ ಇನ್ನೂ ಮುಂಚೆಯೇ ಕಾಳು ತೀರುವುದು, ಸಾಲ ಇನ್ನಷ್ಟು ಬೆಳೆಯುವುದು. ಹಿಡಿಯಕ್ಕಿಯ ಮಡಕೆ ಮುರಿಯುತ್ತಿದ್ದುದು ಈ ಸರಪಳಿಯನ್ನು. ಹಾಗಾಗಿ ಅದನ್ನು ಬರಗಾಲದ ಕಾಪೆಂದು ಅಳೆಯುವುದಕ್ಕಿಂತ ಸಾಲದ ಕಾಪೆಂದು ಅಳೆಯುವುದು ನ್ಯಾಯ.

ಬರಗಾಲದ ಮುಂದೆ ಅದು ನಿಲ್ಲಲಾರದೆಂಬುದನ್ನು ಮರೆಮಾಚುವಂತಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ, ಒಂದು ಮಳೆ ತಪ್ಪಿ ಬಂದುದಲ್ಲ. ಒಂದರ ಹಿಂದೊಂದರಂತೆ ಬೆಳೆಗಳು ಹೋದುವು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರವಿದ್ದುದು 1881ರಲ್ಲಿ 41 ಲಕ್ಷ 86 ಸಾವಿರಕ್ಕಿಳಿಯಿತು. ವ್ಯತ್ಯಾಸದಷ್ಟೂ ಹಸಿವಿನ ಸಾವಲ್ಲ. ರೋಗದಿಂದ ಸತ್ತವರು, ನಾಡು ಬಿಟ್ಟವರು, ಹುಟ್ಟದೆ ಹೋದ ಮಕ್ಕಳು ಎಲ್ಲರೂ ಆ ಅಂಕೆಯಲ್ಲಿದ್ದಾರೆ. ಹಾಗೆಂದು ಅದರ ಭಯಂಕರತೆ ಕಡಮೆಯಾಗುವುದಿಲ್ಲ. ಇಂಥ ಬರಕ್ಕೆ ಎದುರುನಿಲ್ಲಬಹುದಾದ ಮನೆಯ ಸಾಧನ ಹಗೇವೊಂದೇ. ಹಗೇವಿನ ದೋಷವಾದರೋ ಅದರ ಗುಣದಿಂದಲೇ ಬಂದುದು. ಅದನ್ನು ಸ್ವಲ್ಪಸ್ವಲ್ಪವಾಗಿ ತುಂಬಲಾಗದು. ಸ್ವಲ್ಪಸ್ವಲ್ಪವಾಗಿ ತೆಗೆಯಲೂ ಆಗದು. ತೆರೆದ ಬಾಯಿಯಿಂದ ಗಾಳಿ ಹೊಕ್ಕಿತೆಂದರೆ ಕಾವಲು ಹೋಯಿತು. ಒಂದು ಒಳ್ಳೆಯ ವರ್ಷದ ಮಿಗುತಾಯ ಒಟ್ಟಿಗೆ ಕೈಯಲ್ಲಿದ್ದವನು ಮಾತ್ರ ಅದನ್ನು ತುಂಬಬಲ್ಲ. ಹಿಡಿಹಿಡಿಯಾಗಿ ಕೂಡಿಸುವ ದಾಸ್ತಾನು ವರ್ಷಗಳ ಬರವನ್ನು ತಡೆಯದು, ವರ್ಷಗಳ ಬರವನ್ನು ತಡೆಯುವ ದಾಸ್ತಾನು ಹಿಡಿಹಿಡಿಯಾಗಿ ಕೂಡದು: ಈ ಕಂದರದಲ್ಲಿಯೇ ನಮ್ಮ ನಾಡಿನ ಕೂಲಿಯವನು, ನೇಕಾರನು ಬಿದ್ದುದು. ಕ್ಷಾಮದಲ್ಲಿ ಮೊದಲು ಇಲ್ಲವಾಗುವುದು ಅನೇಕ ವೇಳೆ ಧಾನ್ಯವಲ್ಲ, ಧಾನ್ಯವನ್ನು ಕೊಳ್ಳುವ ಶಕ್ತಿ ಎಂಬುದನ್ನು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದ್ದಾರೆ. ಕೂಲಿ ನಿಂತ ದಿನವೇ ಕೂಲಿಯವನಿಗೆ ಬರ.

ಆ ದಿನ ಹೇಗಿರುತ್ತದೆಂಬುದನ್ನು 2020ರ ಮಾರ್ಚಿಯಲ್ಲಿ ನಮ್ಮ ಪಟ್ಟಣಗಳು ನೋಡಿದುವು. ಅಂಗಡಿಗಳಲ್ಲಿ ಅಕ್ಕಿಯಿತ್ತು, ದಿನಗೂಲಿಯವರ ಕೋಣೆಗಳಲ್ಲಿ ವಾರದ ಅಕ್ಕಿಯಿರಲಿಲ್ಲ. ಆದಕಾರಣ ಈ ಹಳೆಯ ಕ್ರಮದಲ್ಲಿ ಇಂದಿಗೆ ಒಗ್ಗುವುದೆಷ್ಟೆಂದು ನೋಡುವುದು ಇತಿಹಾಸಕಾರನ ಎಲ್ಲೆಯನ್ನು ಮೀರಿದ ಕೆಲಸವೆಂದು ನಮಗೆ ತೋರುವುದಿಲ್ಲ.

ಬಾಡಿಗೆಯ ಎರಡು ಕೋಣೆಗಳಲ್ಲಿ ಕಣಜಕ್ಕೆ ಸ್ಥಳವಿಲ್ಲ, ಹಗೇವಿನ ಮಾತಂತೂ ದೂರ. (ನಮ್ಮ ಮನೆಯಲ್ಲಿ ರಾಗಿಯ ಡಬ್ಬ ಪುಸ್ತಕದ ಬೀರುವಿನ ಕೆಳಗಿದೆ, ಎರಡಕ್ಕೂ ಹುಳುವಿನ ಭಯ ಸಮಾನ.) ಆದರೆ ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬವನ್ನು ಕಂಠದವರೆಗೆ ತುಂಬಿದರೆ ಅದು ಚಿಕ್ಕದೊಂದು ಹಗೇವೇ ಸರಿ, ಅರ್ಧ ತುಂಬಿದ ದೊಡ್ಡ ಡಬ್ಬಕ್ಕಿಂತ ಪೂರ್ತಿ ತುಂಬಿದ ಎರಡು ಸಣ್ಣ ಡಬ್ಬಗಳು ಮೇಲು, ಒಂದನ್ನು ತೆರೆದಾಗ ಇನ್ನೊಂದರ ಕಾವಲು ಕೆಡುವುದಿಲ್ಲ. ಕಾಳನ್ನು ಬಿಸಿಲಿನಲ್ಲಿ ಒಣಗಿಸಿ, ಹಲ್ಲಿಗಿಟ್ಟು ಕಡಿದು ನೋಡಬೇಕು. ಕಟ್ಟೆಂದು ಮುರಿದರೆ ಒಣಗಿದೆ. ಬಿಸಿಯಿರುವಾಗಲೇ ತುಂಬಿದರೆ ಒಳಗೆ ಬೆವತು ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಆರಿಸಿಯೇ ತುಂಬಬೇಕು. ಇಡತಕ್ಕದ್ದು ಕಾಳನ್ನು, ಹಿಟ್ಟನ್ನಲ್ಲ. ರಾಗಿಯ ಕಾಳು ವರ್ಷಗಟ್ಟಲೆ ನಿಂತರೂ ಅದರ ಹಿಟ್ಟು ಬೇಗ ಕಮಟುತ್ತದೆ. ತೊಗರಿಕಾಳಿಗೆ ಕೆಮ್ಮಣ್ಣು ಬಳಿದು ಒಣಗಿಸುವುದು, ಬೇಳೆಗೆ ಹರಳೆಣ್ಣೆಯ ಕೈ ಸವರುವುದು, ನಡುನಡುವೆ ಒಣಗಿದ ಬೇವಿನೆಲೆ ಹಾಕುವುದು ಇವೆಲ್ಲ ಈಗಲೂ ಕೆಲಸಕ್ಕೆ ಬರುವ ಉಪಾಯಗಳೇ.

ವೆಚ್ಚದ ಕ್ರಮವೂ ಕಷ್ಟದ್ದಲ್ಲ. ಮೊದಲು ಉಪ್ಪು, ಹುಣಸೆ, ಮೆಣಸಿನಕಾಯಿ: ಬೇಕಾಗುವ ಪ್ರಮಾಣ ಕಡಮೆ, ಬಾಳಿಕೆ ಹೆಚ್ಚು. ಅನಂತರ ಧಾನ್ಯ. ಐದು ಮಂದಿಗೆ ತಿಂಗಳಿಗೆ 60 ಕಿಲೋ ಬೇಕಾದ ಮನೆ ಪ್ರತಿ ತಿಂಗಳೂ ಎರಡು ದಿನದ ಧಾನ್ಯವನ್ನು, ಎಂದರೆ 4 ಕಿಲೋವನ್ನು, ಹೆಚ್ಚಾಗಿ ಕೊಂಡರೆ ಧಾನ್ಯದ ವೆಚ್ಚ ಹದಿನೈದರಲ್ಲಿ ಒಂದು ಪಾಲಿನಷ್ಟು ಏರುತ್ತದೆ. ಹದಿನೈದು ತಿಂಗಳಿಗೆ ಒಂದು ತಿಂಗಳ ದಾಸ್ತಾನು ನಿಲ್ಲುತ್ತದೆ. ಪುಷ್ಯಮಾಸದ ಸುಗ್ಗಿಯ ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕೊಂಡು ಆಷಾಢದಲ್ಲಿ ಕೊಳ್ಳದೆ ಬಿಟ್ಟರೆ ಇನ್ನೂ ಬೇಗ. ಮನೆಯವರು ದಿನವೂ ಉಣ್ಣುವುದನ್ನೇ ಇಡಬೇಕು. ಅಗ್ಗವೆಂದು ಅಭ್ಯಾಸವಿಲ್ಲದ ಧಾನ್ಯವನ್ನು ತಂದಿಟ್ಟರೆ ಅದು ಹುಳುವಿನ ಪಾಲಾಗುವವರೆಗೆ ಯಾರೂ ಮುಟ್ಟುವುದಿಲ್ಲ. ತುಂಬಿದ ತಿಂಗಳನ್ನು ಡಬ್ಬದ ಮೇಲೆ ಬರೆದು, ಹಳೆಯದನ್ನು ಮೊದಲು ಬಳಸಿ, ಬಳಸಿದಷ್ಟನ್ನು ಹೊಸದರಿಂದ ತುಂಬುತ್ತಿರಬೇಕು. ಕೋಷ್ಠಾಗಾರಾಧ್ಯಕ್ಷನಿಗೆ ಹೇಳಿದ ಮಾತೇ ಇದು.

ಹದಿನೈದರ ಒಂದು ಪಾಲನ್ನೂ ತೆಗೆಯಲಾಗದ ಮನೆಗಳು ಇವೆಯಲ್ಲವೆ ಎಂದು ನಮ್ಮ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ. ಇವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆದ್ಯತೆಯ ಕುಟುಂಬಗಳ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕನ್ನು ಕೊಟ್ಟಿದೆ. ನಮ್ಮ ಲೆಕ್ಕದ ತಲೆಗೆ 12 ಕಿಲೋವಿನಲ್ಲಿ ಇದು ಅರ್ಧಕ್ಕಿಂತ ಕಡಮೆ. ಆದರೂ ಐದು ಮಂದಿಯ ಮನೆಗೆ 25 ಕಿಲೋ ಬರುವುದರಿಂದ, ಅಷ್ಟರಮಟ್ಟಿಗೆ ಉಳಿಯುವ ಕೊಳ್ಳುವ ಹಣದಲ್ಲಿ ಹಿಡಿಯಕ್ಕಿಯ ಮಡಕೆಗೆ ಒಂದು ಪಾಲು ಹೊರಡಬಹುದು. ಹಗೇವಿನ ಪಾಲು ಮಾತ್ರ ಯಾವ ಕೂಲಿಯವನ ಮಡಕೆಯಿಂದಲೂ ಹೊರಡುವಂತಹುದಲ್ಲ. ಜನಪದದ ಆಪತ್ತಿಗೆಂದು ಅರ್ಧವನ್ನು ತೆಗೆದಿಡುವ ವಿಧಿಯನ್ನು ಕೌಟಿಲ್ಯನು ವಿಧಿಸಿದುದು ಗೃಹಸ್ಥನಿಗಲ್ಲ, ಅರಸನ ಅಧಿಕಾರಿಗೆ.