ನಿಮಗಿದು ಗೊತ್ತೆ? ದನದ ದೊಡ್ಡಿಯಲ್ಲಿ ಹುಟ್ಟಿದ ಅಪ್ಪುಗೆ ಯಂತ್ರ

ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ, ಅಂಗಿಯ ಲೇಬಲ್ ತಾಗಿದರೂ ಕಂಗೆಡುವ ಮಕ್ಕಳಿದ್ದಾರೆ. ಅದು ಹಟವಲ್ಲ, ಖಂಡಿತ ಅಲ್ಲ. ಸದ್ದು, ಸ್ಪರ್ಶಗಳನ್ನು ಅವರ ಮಿದುಳು ಗ್ರಹಿಸುವ ಬಗೆಯೇ ಬೇರೆ.

ಇಂಥದೇ ಗ್ರಹಿಕೆಯ, ಆಟಿಸಂ ಇರುವ ಟೆಂಪಲ್ ಗ್ರ್ಯಾಂಡಿನ್ ಎಂಬ ಅಮೆರಿಕದ ಮಹಿಳೆ ಹದಿಹರೆಯದಲ್ಲಿ ಅರಿಜೋನಾದ ದನದ ದೊಡ್ಡಿಯೊಂದರಲ್ಲಿ ಒಂದು ಸಂಗತಿ ಗಮನಿಸಿದರು. ಲಸಿಕೆ ಹಾಕಲು ಎರಡು ಬದಿಯಿಂದ ಅದುಮಿ ಹಿಡಿದಾಗ, ಗಾಬರಿಗೊಂಡಿದ್ದ ಕೆಲವು ದನಗಳು ತಣ್ಣಗಾಗುತ್ತಿದ್ದವು. ಅದನ್ನು ನೋಡಿ ತಮಗಾಗಿ 'ಅಪ್ಪುಗೆ ಯಂತ್ರ' ಕಟ್ಟಿಕೊಂಡರು. ಎಷ್ಟು ಬಿಗಿಯಬೇಕು, ಯಾವಾಗ ಸಡಿಲಿಸಬೇಕು ಎಂಬ ಹಿಡಿತ ಅವರದೇ ಕೈಯಲ್ಲಿತ್ತು. ಮುಂದೆ ಅವರು ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು.

ಇಂಥ ಒತ್ತಡಕ್ಕೆ ಮನೆಯಲ್ಲಿ ಯಂತ್ರ ಬೇಕಿಲ್ಲ. ಚಪಾತಿ ಹಿಟ್ಟು ನಾದುವುದು, ನೀರು ತುಂಬಿದ ಪುಟ್ಟ ಬಿಂದಿಗೆ ಹೊರುವುದು, ಎರಡೂ ಅಂಗೈ ಊರಿ ಗೋಡೆ ತಳ್ಳುವುದು, ಕಂಬಳಿಯಲ್ಲಿ ಕತ್ತು ಮುಖ ಬಿಟ್ಟು ಸುರುಳಿಯಾಗುವುದು: ಇವೆಲ್ಲ ಸ್ನಾಯು, ಕೀಲುಗಳಿಗೆ ಒತ್ತಡ ಕೊಟ್ಟು ಹಲವು ಮಕ್ಕಳನ್ನು ಶಾಂತಗೊಳಿಸಬಹುದು. ಜೋಕಾಲಿಯೂ ಆದೀತು, ನಿಧಾನವಾಗಿ, ಒಂದೇ ಲಯದಲ್ಲಿ ತೂಗಿದರೆ; ಗಿರಗಿರನೆ ತಿರುಗಿಸಿದರೆ ಮಗು ಇನ್ನಷ್ಟು ಕೆರಳಬಹುದು.

ಎಲ್ಲರಿಗೂ ಒಂದೇ ಆಟ ಒಗ್ಗದು. ಮಗುವಿಗೆ ಯಾವುದು ಹೊಂದುತ್ತದೆ ಎಂದು ಆಕ್ಯುಪೇಷನಲ್ ಥೆರಪಿಸ್ಟರನ್ನು ಕೇಳಿ. 'ಬೇಡ' ಎಂದು ಮಗು ಮೈ ಹಿಂದೆಳೆದುಕೊಂಡರೆ ಆ ಕ್ಷಣವೇ ಬಿಟ್ಟುಬಿಡಿ.